ಒಂದು ಬೆರಳಿನಷ್ಟು ಸಡಿಲ

ತಂಗಿಯ ನೆಲಮಾಳಿಗೆಯಿಂದ
ಕಲ್ಲಿದ್ದಲ ಧೂಳಿನ ಸಮೇತ ಹೊತ್ತು ತಂದ,
ನಾಲ್ಕನೆಯ ಮಹಡಿಗೆ, ಅರವತ್ತೊಂಬತ್ತರ ವಯಸ್ಸಿನಲ್ಲಿ,
ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು.
"ಫ್ರಾನಿಯಾ!" ಅಂದ, ಹಳೆಯ ಗೆಳತಿ ಸಿಕ್ಕವನ ಹಾಗೆ.
ಹೌದು, ನಮ್ಮ ಪೋಲೆಂಡಿನಲ್ಲಿ
ಬಟ್ಟೆ ಒಗೆಯುವ ಯಂತ್ರಕ್ಕೆ ಹೆಣ್ಣಿನ ಹೆಸರು.
ಟ್ರಾಮಿಗೆ ನಂಬರು.

ಎಂಬತ್ತೆಂಟರಲ್ಲಿ ನಾನೇ ಅದನ್ನು ದಾಟಿಸಿ
ಕೈ ತೊಳೆದುಕೊಂಡಿದ್ದೆ.

ಐದು ವಾರ ಮೇಜಿನ ಮೇಲೆ ಊಟಕ್ಕೆ ಜಾಗವಿಲ್ಲ.
ಬ್ರೆಡ್ಡು ಕೊಯ್ಯುವ ಹಲಗೆಯ ಮೇಲೆ ಬೇರಿಂಗು,
ಜಾಮಿನ ಬಾಟಲಿಯಲ್ಲಿ ಸೀಮೆಎಣ್ಣೆ,
ಒಳಗೆ ಬೋಲ್ಟುಗಳು, ಉಪ್ಪಿನಕಾಯಿಯ ಹಾಗೆ.
ಸುಣ್ಣ ಕಟ್ಟಿದ ತೊಟ್ಟಿಗೆ ವಿನೆಗರ್ ಸುರಿದು
ರಾತ್ರಿಯೆಲ್ಲ ಬಿಟ್ಟ; ನನ್ನ ಕನಸಿಗೂ ಹುಳಿ ವಾಸನೆ.
ಕೆಪಾಸಿಟರ್ ಸತ್ತಿತ್ತು,
ಭಾನುವಾರದ ಗುಜರಿ ಸಂತೆಯಲ್ಲಿ ಇನ್ನೊಂದು ಹುಡುಕಿದ.
ಮಾಸಿದ ಹೆಸರಿನ ಅಕ್ಷರಗಳಿಗೆ
ನನ್ನ ಹುಬ್ಬಿನ ಬ್ರಷ್ಷಿನಿಂದಲೇ ನೀಲಿ ಹಚ್ಚಿದ,
ಉಸಿರು ಬಿಗಿಹಿಡಿದು.
ನಲವತ್ತೇಳು ವರ್ಷದ ಸಂಸಾರದಲ್ಲಿ
ನನ್ನ ಹೆಸರನ್ನು ಅಷ್ಟು ನಿಧಾನವಾಗಿ
ಎಲ್ಲೂ ಬರೆದವನಲ್ಲ.

ನಾನೇನೂ ಅನ್ನಲಿಲ್ಲ,
ಉರುಳೆಗಳ ಸರದಿ ಬರುವವರೆಗೆ.

ಎರಡು ರಬ್ಬರ್ ಉರುಳೆ, ಒಂದು ಹಿಡಿ.
ಬಟ್ಟೆ ಹಿಂಡಲೆಂದು ಮಾಡಿದ್ದು,
ಜೀವ ಹಿಂಡುವುದೂ ಅದಕ್ಕೆ ಬರುತ್ತಿತ್ತು.
ಎಪ್ಪತ್ತೊಂಬತ್ತರ ಹಿಮದಲ್ಲಿ ನಲ್ಲಿಯ ಬಿಸಿನೀರು ನಿಂತು,
ಒಲೆಯ ಮೇಲೆ ಕಾಸಿ ಕಾಸಿ ಸುರಿದು,
ಅವಳಿ ಮಕ್ಕಳ ಲಂಗೋಟಿ ಲೆಕ್ಕವಿಲ್ಲದಷ್ಟು.
ಒಂದು ಕೈ ತಿರುಗಿಸಬೇಕು, ಒಂದು ಕೈ ತುರುಕಬೇಕು.
ನಿದ್ದೆಗೆಟ್ಟ ಬೆಳಗಿನ ಜಾವ
ಉಂಗುರದ ಬೆರಳನ್ನೂ ಬಟ್ಟೆಯೇ ಅಂದುಕೊಂಡೆ.
ತಿರುಗಿಸಿದ್ದೂ ನಾನೇ, ಸಿಕ್ಕಿದ್ದೂ ನಾನೇ,
ಯಾರನ್ನು ಬೈಯಲಿ?

ಅವನು ಆಗ ಟ್ರಾಮಿನಲ್ಲಿದ್ದ.
ಪಾಳಿ ಮುಗಿಸಿ ಬಂದರೆ ಅಂಗಿ ಮಡಿಚಿಟ್ಟು ಕಾದಿರುತ್ತಿತ್ತು.
ಇದು ದುಡಿಯುವುದನ್ನು ಅವನು ಕಂಡವನೇ ಅಲ್ಲ.
ಅದಕ್ಕೇ ಅವನಿಗಿದು ಇಂದಿಗೂ
ಬಿಳಿಯ ಡಬ್ಬಿ, ಚಂದದ ಮುಚ್ಚಳ.

ನಿನ್ನೆ ಎಲ್ಲ ಜೋಡಿಸಿ ಪ್ಲಗ್ಗು ಹಾಕಿದ.
ಗುರ್ ಅಂತು. ನೀರು ಒಂದು ಸುತ್ತು ಕದಡಿ ಸುಮ್ಮನಾಯಿತು.
ಮೋಟಾರು ಓಡುತ್ತದೆ, ತೊಟ್ಟಿಯ ಚಕ್ರ ತೂಕಡಿಸುತ್ತದೆ.
ನಕ್ಷೆ ಹಿಡಿದು ಮೂರು ಸಲ ಬಿಚ್ಚಿದ, ಮೂರು ಸಲ ಕಟ್ಟಿದ,
ಕೊನೆಗೆ ಕನ್ನಡಕ ತೆಗೆದು ನೆಲಕ್ಕೆ ಕೂತು
ಕೇಳಿದ, ಇಷ್ಟು ವರ್ಷದಲ್ಲಿ ಮೊದಲ ಸಲ,
"ಆಗೆಲ್ಲ ಇದು ಹೇಗೆ ಸದ್ದು ಮಾಡುತ್ತಿತ್ತು?"

ಪಾತ್ರೆ ಒರೆಸುವ ಬಟ್ಟೆ ಹೆಗಲಿಗೆಸೆದು ಬಂದೆ.
ಅದರ ಮೈಗೆ ಅಂಗೈ ಇಟ್ಟೆ.
ಮರೆತಿದ್ದೇನೆ ಅಂದುಕೊಂಡಿದ್ದೆ; ಕೈ ಮರೆತಿರಲಿಲ್ಲ.
ಪಕ್ಕದ ಕೋಣೆಯಲ್ಲಿ ಯಾರೋ
ಗೊಣಗಿಕೊಂಡೇ ಕೆಲಸ ಮುಗಿಸುವ ಸದ್ದು ಅದು,
ನಡೆದರೆ ಬೇಸರ, ನಿಂತರೆ ಭಯ.

"ಬೆಲ್ಟು ಸಡಿಲ."
"ಹೊಸದು ಕಣೇ, ಅಳತೆ ಸರಿಯಿದೆ."
"ಅಳತೆಯಲ್ಲ. ಮೋಟಾರನ್ನು ಕೊಂಚ ಕೆಳಕ್ಕೆಳೆ.
ಒತ್ತಿದರೆ ಒಂದು ಬೆರಳಿನಷ್ಟು ತಗ್ಗಬೇಕು, ಅಷ್ಟೇ."
ಯಾವ ಬೆರಳು ಎಂದು ತೋರಿಸಿದೆ.
ಉಗುರಿಲ್ಲದ್ದು.

ಸ್ಪ್ಯಾನರ್ ಕೈಯಲ್ಲೇ ಉಳಿಯಿತು.
ಅವನ ನಕ್ಷೆಯಲ್ಲಿ ಅದು ಇರಲಿಲ್ಲ.

ಈಗ ಓಡುತ್ತಿದೆ. ಬುಡ ಸೋರುತ್ತದೆ, ಬೋಗುಣಿ ಇಟ್ಟಿದ್ದೇವೆ.
ಎಣ್ಣೆ ಕುಡಿದ ಅವನ ಮೇಲಂಗಿಯೇ ಮೊದಲ ಒಗೆತ,
ನೊರೆ ಕಪ್ಪಗೆ ಬಂತು, ಆಮೇಲೆ ಬೂದು, ಆಮೇಲೆ ನೊರೆ.
ಹೊಳೆಗಳೆಲ್ಲ ಬೀದಿಯಡಿ ಕೊಳವೆ ಸೇರಿದ ಈ ವೂಚ್ ಊರಿಗೆ
ಇನ್ನೊಂದಿಷ್ಟು ಕೊಳೆನೀರು ಇಳಿದುಹೋಯಿತು.

ಹಿಂಡುವ ಹೊತ್ತು. ಅಭ್ಯಾಸಬಲದಿಂದ
ಅವನು ಪಕ್ಕಕ್ಕೆ ಸರಿದ, ನೋಡಿ ಮೆಚ್ಚಲು.
ಹಿಡಿಯನ್ನು ಅವನತ್ತ ತಿರುಗಿಸಿ
"ಸೆವೆರಿನ್, ನಿಧಾನ," ಅಂದೆ. "ಬೆರಳು ಜೋಪಾನ."

ಬಾಗಿಲು ಬಡಿಯುತ್ತಿದೆ.
ಕೆಳಮನೆಯ ವ್ರೂಬೆಲ್ ಇರಬೇಕು, ಸೂರು ತೊಟ್ಟಿಕ್ಕಿದೆಯೆಂದು.
ಇರಲಿ, ಬಡಿಯಲಿ.
ನೀನು ತಿರುಗಿಸು.